ಕರಗಿದ ಒಂದು ಇಂಚು

ನನ್ನ ತೊಡೆಗಳ ಬಗ್ಗೆ ಬರೆಯುವ ದಿನ ಬರುತ್ತದೆಂದು ಐವತ್ತೆರಡು ವರ್ಷದವರೆಗೆ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮ ಮನೆಯ ಹೆಂಗಸರಿಗೆ ಕೈಯಿತ್ತು, ಪಾದವಿತ್ತು, ನೋವು ಬಂದಾಗ ಸೊಂಟವೂ ಇತ್ತು. ತೊಡೆ ಮಾತ್ರ ಕೂಸನ್ನು ಮಲಗಿಸಿಕೊಳ್ಳುವ ಜಾಗವೇ ಹೊರತು ಯಾರಾದರೂ ನೋಡುವ ಜಾಗವಾಗಿರಲಿಲ್ಲ. ಹೋದ ವರ್ಷ ನನ್ನ ಎಡಗಾಲಿನ ಮಂಡಿ ಕೈಕೊಟ್ಟಿತು. ಮಂಡಿಯ ದೆಸೆಯಿಂದ ತೊಡೆಯ ಮಾತು ಬಂತು.

ತಮಿಳು ಸಿನಿಮಾ ಸ್ಟುಡಿಯೋಗಳಿರುವ ವಡಪಳನಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿಯಿದೆ. ಲೈನಿಂಗ್ ಬಟ್ಟೆ, ಸೀರೆಯ ಫಾಲ್ಸು, ದಾರ, ಹುಕ್ಕು, ಲೇಸು ಮಾರುತ್ತೇವೆ. ಗದಗಿನ ಕಡೆಯಿಂದ ಬಂದ ನಮ್ಮ ಮಾವನವರು ಸ್ಟುಡಿಯೋಗಳ ದರ್ಜಿಗಳನ್ನು ನಂಬಿ ತೆರೆದ ಅಂಗಡಿ ಇದು. ಈಗ ಸರಕು ತರಲು ಊರೆಲ್ಲ ತಿರುಗುವುದು ನನ್ನ ಗಂಡ, ಅಂಗಡಿಯಲ್ಲಿ ನಿಲ್ಲುವುದು ನಾನು. ಬೆಳಗ್ಗೆಯಿಂದ ಸಂಜೆಯವರೆಗೆ ಏಣಿ ಹತ್ತಿ ಇಳಿದು ಬಟ್ಟೆಯ ಥಾನು ಎಳೆದು ಎಳೆದು ಮಂಡಿ ಸವೆದಿದೆ ಎಂದರು ಮೂಳೆಯ ಡಾಕ್ಟರು. ನೀರಿನಲ್ಲಿ ನಡೆಯಬೇಕಂತೆ. ಎದೆಯವರೆಗೆ ನೀರಿದ್ದರೆ ಮೈಭಾರ ಮಂಡಿಯ ಮೇಲೆ ಬೀಳುವುದಿಲ್ಲ, ತೊಡೆಯ ಸ್ನಾಯು ಮಾತ್ರ ಗಟ್ಟಿಯಾಗುತ್ತದೆ ಎಂದು ವಿವರಿಸಿದರು. ವಾರಕ್ಕೆ ಐದು ದಿನ, ಮೂರು ತಿಂಗಳು. ಅದರಿಂದಲೂ ಆಗದಿದ್ದರೆ ಆಪರೇಷನ್.

ಆಪರೇಷನ್ ಎಂದರೆ ನನಗೆ ಭಯ. ಅದನ್ನು ಮುಚ್ಚಿಡುವುದೇನಿಲ್ಲ. ಭಯದ ಜೊತೆಗೆ, ನಾನು ಮಲಗಿದರೆ ಅಂಗಡಿಯ ಬಾಗಿಲು ಎಳೆಯಬೇಕಾಗುತ್ತದೆ ಎಂಬುದೂ ಇತ್ತು. ಹಾಗಾಗಿ ಡಾಕ್ಟರ ಮಾತಿಗೆ ತಲೆಯಾಡಿಸಿ, ಈಜುಕೊಳ ಹುಡುಕಲು ಮಗಳಿಗೆ ಹೇಳಿದೆ. ಕಾಲೇಜಿಗೆ ಹೋಗುವ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಆದರೆ ಕೆಲಸ ಚೊಕ್ಕ. ಸಂಜೆಯೊಳಗೆ ಹುಡುಕಿ ಕೊಟ್ಟಳು. ಆಟೋದಲ್ಲಿ ಹತ್ತು ನಿಮಿಷ, ಬೆಳಗ್ಗೆ ಒಂದು ಗಂಟೆ ಹೊತ್ತು ಹೆಂಗಸರಿಗೆಂದೇ ಮೀಸಲು. ಈಜುಡುಗೆ ಕೊಳ್ಳಲು ನಾವಿಬ್ಬರೂ ಹೋದೆವು.

ಎಡವಟ್ಟು ಆದದ್ದು ಅಲ್ಲಿ. ಮಂಡಿಯವರೆಗೆ ಬರುವ ಉಡುಗೆಯ ಅಂಚು ಊದಿದ ಮಂಡಿಯನ್ನೇ ಹಿಡಿದು ಒತ್ತುತ್ತಿತ್ತು, ಎರಡು ನಿಮಿಷ ತಡೆಯಲಾಗಲಿಲ್ಲ. ಉಳಿದದ್ದು ತೊಡೆಯ ಅರ್ಧಕ್ಕೆ ನಿಲ್ಲುವ ಉಡುಗೆ. ಅದನ್ನು ಹಾಕಿಕೊಂಡು ನೋಡಿದ ಆ ಗೂಡಿನಂಥ ಕೋಣೆಯಲ್ಲಿ ಮೂರು ಕಡೆ ಕನ್ನಡಿ, ನೆತ್ತಿಯ ಮೇಲೆ ಟ್ಯೂಬ್‌ಲೈಟು. ನನ್ನ ತೊಡೆಯ ಹಿಂಭಾಗವನ್ನು ನಾನು ಜೀವನದಲ್ಲಿ ಮೊದಲ ಬಾರಿಗೆ ನೋಡಿದೆ. ಜೋಳದ ಹಿಟ್ಟು ನಾದಿ, ಮೇಲೆಲ್ಲ ಬೆರಳೊತ್ತಿ ಬಿಟ್ಟ ಹಾಗೆ ಗುಳಿಗಳು, ಉಬ್ಬುಗಳು.

"ಇದೇನಿದು?" ಎಂದೆ.

"ಅದು ಸೆಲ್ಯುಲೈಟ್‌ಮಾ," ಎಂದಳು ಮಗಳು ಫೋನಿನಿಂದ ತಲೆಯೆತ್ತದೆ. "ಎಲ್ಲಾರುಕ್ಕುಂ ಇರುಕ್ಕುಂ."

ಎಲ್ಲರಿಗೂ ಇರುತ್ತದಂತೆ. ಇರಬಹುದು. ಎಲ್ಲರದೂ ನನಗೆ ಕಾಣಿಸಿರಲಿಲ್ಲ, ನನ್ನದು ಕಾಣಿಸಿತು. ಉಡುಗೆಯನ್ನು ಕೊಂಡೆ, ಮನೆಗೆ ಬಂದು ಕಪಾಟಿನಲ್ಲಿ ಹಳೆಯ ರೇಷ್ಮೆ ಸೀರೆಗಳ ಅಡಿಗೆ ಸೇರಿಸಿದೆ. ಮೊದಲು ಈ ತೊಡೆ ಒಂದು ಹದಕ್ಕೆ ಬರಲಿ, ಆಮೇಲೆ ನೀರಿಗಿಳಿಯುತ್ತೇನೆ ಎಂದುಕೊಂಡೆ. ಮಂಡಿಗೆ ಮದ್ದು ಹೇಳಿದರೆ ತೊಡೆಗೆ ಶೃಂಗಾರ ಮಾಡಲು ಹೊರಟವಳು ನಾನು. ಆಗ ಅದು ತೋಚಲಿಲ್ಲ.

ಮಜವೆಂದರೆ ಇಂಥ ಗುಳಿಗಳನ್ನು ಮುಚ್ಚುವ ಬಟ್ಟೆಯನ್ನೇ ನಾನು ಇಪ್ಪತ್ತೈದು ವರ್ಷದಿಂದ ಮಾರುತ್ತಿದ್ದೇನೆ. ಮೈಬಣ್ಣದ, ಎಳೆದರೆ ಹಿಗ್ಗುವ ಬಟ್ಟೆ. ಸ್ಟುಡಿಯೋದವರು ಅದಕ್ಕೆ 'ಸ್ಕಿನ್' ಎನ್ನುತ್ತಾರೆ. ಹಾಡಿನಲ್ಲಿ ಹಿಂದೆ ಕುಣಿಯುವ ಹುಡುಗಿಯರ ಬರಿಗಾಲೆಂದು ನೀವು ನೋಡುವುದು ಎಷ್ಟೋ ಸಲ ನಮ್ಮ ಅಂಗಡಿಯ ಸ್ಕಿನ್. ಅದರಲ್ಲೇ ಒಂದು ಚಡ್ಡಿ ಹೊಲಿಸಿ ಹಾಕಿಕೊಂಡರೆ ಹೇಗೆ ಎಂದು ಈಜುಕೊಳಕ್ಕೆ ಫೋನ್ ಮಾಡಿ ಕೇಳಿದೆ. ನೈಲಾನಿನ ಈಜುಡುಗೆ ಬಿಟ್ಟು ಬೇರೆ ಯಾವ ಬಟ್ಟೆಗೂ ಪ್ರವೇಶವಿಲ್ಲ ಎಂದರು.

ಆ ಸ್ಕಿನ್ ಕೊಳ್ಳಲು ಬರುತ್ತಿದ್ದವರಲ್ಲಿ ಒಬ್ಬರು ಒಂದು ಕಾಲಕ್ಕೆ ಚಿತ್ರಗಳಲ್ಲಿ ಗುಂಪಿನೊಡನೆ ಕುಣಿಯುತ್ತಿದ್ದ ತಮಿಳು ಹೆಂಗಸು. ಈಗ ಅರವತ್ತರ ಹತ್ತಿರ. ಕುಣಿತ ಬಿಟ್ಟ ಮೇಲೆ ಶಕ್ತಿ ಚಿಕಿತ್ಸೆ ಕಲಿತು, ನಮ್ಮ ಬೀದಿಯ ಮೂಲೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ನಾನವರನ್ನು ಅಕ್ಕಾ ಎನ್ನುತ್ತಿದ್ದೆ. ಒಂದು ದಿನ ದಾರ ಕೊಳ್ಳಲು ಬಂದಾಗ ತೊಡೆಯ ಗುಳಿಗೆ ಏನಾದರೂ ಮದ್ದಿದೆಯೇ ಎಂದು ಮೆಲ್ಲಗೆ ಕೇಳಿದೆ. ಅವರು ತಮಿಳಿನಲ್ಲಿ, ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವಷ್ಟು ಸಹಜವಾಗಿ ಹೇಳಿದರು: "ಕೊಬ್ಬು ಅಂದ್ರೆ ನಿಂತ ಶಕ್ತಿಮ್ಮಾ. ಹರಿಯಬೇಕಾದ್ದು ನಿಂತಿದೆ. ಹರಿಸಿದರೆ ಕರಗುತ್ತೆ. ಗುರುವಾರ ಬಾ."

ಗುರುವಾರ ಹೋದೆ. ಚಾಪೆಯ ಮೇಲೆ ತೆಳ್ಳನೆ ಹಾಸಿಗೆ, ಕಿಟಕಿಗೆ ಹಸಿರು ಪರದೆ, ಪಕ್ಕದಲ್ಲಿ ಉಪ್ಪುನೀರಿನ ಬೋಗುಣಿ. ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದರು. ಬಳೆ ತೆಗೆದೆ, ಕಿವಿಯದು ತೆಗೆದೆ. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಮುಟ್ಟಲಿಲ್ಲ. ಅದರೊಳಗೆ ಲಿಂಗವಿದೆ, ಅದು ಮೈಬಿಟ್ಟು ಹೋಗುವ ವಸ್ತುವಲ್ಲ ಎಂದೆ. ಅಕ್ಕ ಅದನ್ನೊಮ್ಮೆ ನೋಡಿ, "ಇರಲಿ, ಅವರೂ ನಮ್ಮ ಪಾರ್ಟಿಯೇ," ಎಂದರು. ಆಮೇಲೆ ನನ್ನ ಕಾಲಿನಿಂದ ನಾಲ್ಕು ಬೆರಳು ಮೇಲೆ ಅಂಗೈ ಹಿಡಿದು, ಗಾಳಿಯನ್ನೇ ಸವರಿ ಸವರಿ ಏನನ್ನೋ ಎಳೆದು ಉಪ್ಪುನೀರಿಗೆ ಕೊಡವತೊಡಗಿದರು. ಮುಕ್ಕಾಲು ಗಂಟೆ. ನಾನು ಕಣ್ಣುಮುಚ್ಚಿ ಮಲಗಿದ್ದೆ. ಹೊರಗೆ ಬಸ್ಸಿನ ಹಾರನ್ನು, ಕೆಳಗೆ ಯಾರೋ ಕೊತ್ತಂಬರಿ ಮಾರುವವರ ಕೂಗು. ಹಗಲು ಹೊತ್ತಿನಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಮಲಗಿದ್ದು ಬಾಣಂತನದ ನಂತರ ಅದೇ ಮೊದಲು. ಎದ್ದಾಗ ಮೈ ಹಗುರವಾಗಿತ್ತು. ಆ ಹಗುರ ಸುಳ್ಳಲ್ಲ, ಇವತ್ತಿಗೂ ಹಾಗೆಯೇ ಹೇಳುತ್ತೇನೆ.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ಊಟದ ತಟ್ಟೆಯಿಂದ ತಲೆಯೆತ್ತಿದರು. "ಕೈ ತಾಗಸದ ಕೊಬ್ಬ ಕರಗಸ್ತಾರಂದ್ರ, ಅಡಗಿಮನ್ಯಾಗ ಬೆಣ್ಣಿ ಐತಿ. ಅದರ ಮುಂದ ಕೈ ಹಿಡ್ಯಾಕ ಹೇಳು, ತುಪ್ಪ ಆಗ್ತೈತೇನು ನೋಡೂಣು."

ಅತ್ತೆ ನಗಲಿಲ್ಲ. ಅವರಿಗೆ ಎಪ್ಪತ್ತೊಂಬತ್ತು. ದಿನಾ ಬೆಳಗ್ಗೆ ಎಡ ಅಂಗೈಯಲ್ಲಿ ಲಿಂಗವಿಟ್ಟು ಅರ್ಧ ಗಂಟೆ ನೋಡುತ್ತ ಕೂರುವವರು. "ಅಂಗೈಯಾಗ ಶಕ್ತಿ ಐತಿ ಅನ್ನೂದ ಖರೆ," ಎಂದರು. "ಆದ್ರ ಅದನ್ನ ತೊಡಿಗೆ ಹಚ್ಚಿದ್ದು ನಾ ಎಲ್ಲೂ ಕೇಳಿಲ್ಲವಾ." ಅಷ್ಟೇ ಹೇಳಿ ಮಜ್ಜಿಗೆ ಕಲಸಿಕೊಂಡರು.

ಪ್ರತಿ ಶುಕ್ರವಾರ ಸ್ನಾನದ ಮೊದಲು ತೊಡೆಯ ಸುತ್ತಳತೆ ತೆಗೆಯಬೇಕೆಂದು ಅಕ್ಕ ಹೇಳಿದ್ದರು. ನಮ್ಮ ಮನೆಯ ಟೇಪಿನ ಕಥೆಯನ್ನು ಇಲ್ಲಿ ಹೇಳಬೇಕು. ಅದು ಮಾವನವರ ಟೇಪು, ಹಳದಿ ಬಣ್ಣದ್ದು, ಬೆಲ್ಟಿನಂತೆ ಗಟ್ಟಿ. ಅದರ ಮೊದಲ ಇಂಚು ನಾನು ಸೊಸೆಯಾಗಿ ಬರುವ ಮೊದಲೇ ಹರಿದುಹೋಗಿತ್ತು. ಹೀಗಾಗಿ ಅದು ಸೊನ್ನೆಯ ಬದಲು ಒಂದರಿಂದ ಶುರುವಾಗುತ್ತದೆ. ಏನನ್ನೇ ಅಳೆದರೂ ಒಂದು ಕಳೆಯಬೇಕು. ಅಂಗಡಿಯಲ್ಲಿ ಡಜನುಗಟ್ಟಲೆ ಹೊಸ ಟೇಪು ತೂಗುತ್ತಿರುತ್ತವೆ. ಆದರೆ ಮಾರುವ ಸರಕನ್ನು ಮನೆಗೆ ಒಯ್ಯಬಾರದು ಎಂಬುದು ಮಾವನವರ ಕಟ್ಟಳೆ, ಅವರು ಹೋದ ಮೇಲೂ ಅದನ್ನು ಮುರಿದವರಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ನನಗೆ ಕಲಿಸಿದ್ದು ಎರಡು: ಒಲೆ ಹಚ್ಚುವ ಮುಂಚೆ ವಿಭೂತಿ, ಟೇಪು ಹಿಡಿದ ಮೇಲೆ ಒಂದು ಕಳಿ. ಇಪ್ಪತ್ತಾರು ವರ್ಷ ಕಳೆದೂ ಕಳೆದೂ, ಕೈ ಟೇಪು ಮುಟ್ಟಿದರೆ ಬಾಯಿ ತಾನಾಗಿ ಒಂದು ಕಡಿಮೆ ಹೇಳುತ್ತದೆ.

ಮೊದಲ ಶುಕ್ರವಾರ ಟೇಪು ಇಪ್ಪತ್ತೇಳು ತೋರಿಸಿತು. ಒಂದು ಕಳೆದೆ, ಇಪ್ಪತ್ತಾರು. ಮುಂದಿನ ಶುಕ್ರವಾರವೂ ಇಪ್ಪತ್ತಾರು. ಅದರ ಮುಂದಿನದೂ ಅಷ್ಟೇ. ಅಕ್ಕ ಬೇಸರಪಟ್ಟುಕೊಳ್ಳಲಿಲ್ಲ, ನಿಂತ ಶಕ್ತಿ ಹಳೆಯದು, ಸಮಯ ಹಿಡಿಯುತ್ತದೆ ಎಂದರು. ಐದನೆಯ ಶುಕ್ರವಾರ, ಬಚ್ಚಲ ಮನೆಯ ಮಂದ ದೀಪದಲ್ಲಿ, ಟೇಪಿನ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಸುತ್ತಿದೆ. ಅಂಕಿ ಇಪ್ಪತ್ತಾರು. ಒಂದು ಕಳೆದೆ. ಇಪ್ಪತ್ತೈದು.

ಮತ್ತೆ ಅಳೆದೆ. ಇಪ್ಪತ್ತೈದೇ. ಒಬ್ಬಳೇ ನಕ್ಕೆ. ಸ್ನಾನ ಮರೆತು ಅಕ್ಕನಿಗೆ ಫೋನ್ ಮಾಡಿದೆ. ಅವರಿಗೆ ನನಗಿಂತ ಹೆಚ್ಚು ಸಂತೋಷವಾಯಿತು. ಸಂಜೆಯೊಳಗೆ, ನಾಲ್ಕು ವಾರದ ಚಿಕಿತ್ಸೆಯಲ್ಲಿ ಒಬ್ಬ ಗೃಹಿಣಿಗೆ ಒಂದು ಇಂಚು ಕರಗಿತೆಂದು ಅವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಂತು. ಹೆಸರಿರಲಿಲ್ಲ, ಆದರೂ ನನಗೆ ಪದಕ ಸಿಕ್ಕಂತಾಯಿತು. ನಮ್ಮ ಬೀದಿಯ ಇನ್ನೂ ಮೂವರು ಹೆಂಗಸರು ಆ ಮಹಡಿ ಹತ್ತತೊಡಗಿದರು.

ಆಗಲಾದರೂ ನೀರಿಗಿಳಿದೆನೇ? ಇಲ್ಲ. ಊರಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಒಂದ ಇಂಚ ಇಳದೈತಿ ನೋಡ. ಇನ್ನೊಂದ ಇಳೀಲಿ, ಗುಳಿ ಸಾಪಾಗ್ಲಿ, ಆಮ್ಯಾಲೆ ಈಜಾಕ ಹೋಗ್ತೀನಿ." ಅತ್ತೆ ಅಲ್ಲೇ ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನೊಮ್ಮೆ ನೋಡಿ, ಮತ್ತೆ ಸುಲಿಯತೊಡಗಿದರು.

ಮಂಡಿ ಯಾರ ಮಾತಿಗೂ ಕಾಯಲಿಲ್ಲ. ಎಂಟನೆಯ ವಾರ ಒಬ್ಬ ದರ್ಜಿ ನೇರಳೆ ಬಣ್ಣದ ಲೈನಿಂಗ್ ಕೇಳಿದ. ಏಣಿಯ ಮೂರನೆಯ ಮೆಟ್ಟಿಲಲ್ಲಿದ್ದೆ, ಎಡಗಾಲು ನನ್ನದಲ್ಲವೆಂಬಂತೆ ಮಡಚಿಕೊಂಡಿತು. ಥಾನು ಮೊದಲು ಬಿತ್ತು, ಅದರ ಮೇಲೆ ನಾನು ಬಿದ್ದೆ. ಬಟ್ಟೆಯ ಮೇಲೆ ಬಿದ್ದದ್ದಕ್ಕೆ ಮೂಳೆ ಉಳಿಯಿತು. ಮಂಡಿ ಮಾತ್ರ ಸಂಜೆಗೆ ಕುಂಬಳಕಾಯಿಯಾಗಿತ್ತು.

ಡಾಕ್ಟರು ಒತ್ತಿ ನೋಡಿದರು. "ನೀರಿನಲ್ಲಿ ನಡೀತಿದ್ದೀರಲ್ಲ?"

"ನಡೀತಿದ್ದೀನಿ," ಎಂದೆ.

ಯಾಕೆ ಸುಳ್ಳು ಹೇಳಿದೆನೋ. ಐವತ್ತೆರಡರ ಹೆಂಗಸು, ಮನೆಪಾಠ ಮಾಡದ ಹುಡುಗಿಯಂತೆ ನಿಂತಿದ್ದೆ. ಅವರು ಮುಖ ಸಪ್ಪಗೆ ಮಾಡಿಕೊಂಡು, ಎರಡು ತಿಂಗಳು ನೀರಿನಲ್ಲಿ ನಡೆದೂ ಹೀಗಾಗಿದ್ದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದರು. ಆಪರೇಷನ್ನಿಗೆ ಮೊದಲು ಮಾಡಿಸಬೇಕಾದ ಪರೀಕ್ಷೆಗಳ ಚೀಟಿ ಬರೆದುಕೊಟ್ಟರು. ನನ್ನ ಬಾಯಿಂದಲೇ ಬಂದ ಒಂದು ಮಾತು ನನ್ನ ಮಂಡಿಗೆ ಕತ್ತಿ ಹಿಡಿಯಿತು. ಬಾಯಿ ತೆರೆದು ನಿಜ ಹೇಳಬೇಕಿತ್ತು. ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಬಂದೆ.

ಮಧ್ಯಾಹ್ನ ಮಂಚದ ಮೇಲೆ ಕಾಲು ಚಾಚಿ, ಮಂಡಿಗೆ ಐಸಿನ ಚೀಲವಿಟ್ಟುಕೊಂಡು ಕೂತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಚೀಟಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

"ನಿನಗೊಂದ ಮಾತ ಹೇಳೂದೈತಿ," ಎಂದರು. "ಸಿಟ್ಟಾಗಬ್ಯಾಡ."

"ಹೇಳ್ರಿ ಅತ್ತಿ."

"ಆ ಟೇಪ ನಾ ಹೊಲದೇನಿ."

ನನಗೆ ಅರ್ಥವಾಗಲಿಲ್ಲ.

"ಮದಲ ಇಂಚ ಹರದಿತ್ತಲ್ಲ. ನೀ ಪ್ರತಿ ಶುಕ್ರವಾರ ಆ ಹರಕ ಟೇಪ ಹಿಡಕೊಂಡ ಬಚ್ಚಲಕ್ಕ ಹೋಗೂದು ನೋಡಿ, ಪಾಪ, ಛಲೋ ಅಳತಿ ಸಿಗ್ಲಿ ಅಂತ ಒಂದ ಮಧ್ಯಾಹ್ನ ಕುಂತು ಒಂದ ಇಂಚ ಪಟ್ಟಿ ಜೋಡಿಸಿ ಹೊಲದೆ. ಅಳದು ಹೊಲದೇನಿ, ಕೂದಲದಷ್ಟೂ ಹೆಚ್ಚು ಕಡಿಮಿ ಇಲ್ಲ. ನೀ ನೋಡ್ತಿ, ಏನಾರ ಅಂತಿ ಅಂತ ಕಾಯ್ಕೋತ ಕುಂತೆ. ನೀ ನೋಡ್ಲೇ ಇಲ್ಲ. ನಂಗೂ ಸಿಟ್ಟ ಬಂತು, ಸುಮ್ನಾದೆ."

ನಾನು ಟೇಪು ತರಿಸಿ ನೋಡಿದೆ. ಒಂದರ ಅಂಕಿಯ ಹಿಂದೆ ಹಳದಿ ಪಟ್ಟಿಯ ತುಂಡು, ಇರುವೆಯ ಸಾಲಿನಂಥ ಸಣ್ಣ ಹೊಲಿಗೆ. ಇಪ್ಪತ್ತಾರು ತೋರಿಸಿದ್ದು ನಿಜವಾದ ಇಪ್ಪತ್ತಾರೇ. ಕಳೆಯಬೇಕಿಲ್ಲದ ಒಂದನ್ನು ನನ್ನ ಅಭ್ಯಾಸ ಕಳೆದಿತ್ತು. ಕರಗಿದ್ದು ಕೊಬ್ಬಲ್ಲ.

"ಮತ್ತ ಯಾಕ್ರಿ ಹೇಳಲಿಲ್ಲ ಇಷ್ಟ ದಿನ?" ಎಂದೆ. ದನಿ ಏರಿತ್ತು.

"ಆವತ್ತ ನೀ ತಂಗಿ ಕೂಡ ಒಂದ ಇಂಚ ಇಳದೈತಿ ಅಂದಾಗ ನನಗ ತಿಳೀತು. ಆದ್ರ ನಿನ್ನ ಮಾರಿ ನೋಡಿ ಹೇಳಾಕ ಬಾಯಿ ಬರಲಿಲ್ಲ. ಅಷ್ಟ ಖುಷಿ ಇತ್ತು ನಿನ್ನ ಮಾರಿ ಮ್ಯಾಲೆ." ಅವರ ಕಣ್ಣು ತುಂಬಿತು. "ತಪ್ಪ ನಂದ. ನೀ ಇನ್ನೊಂದ ಇಂಚಿನ ಹಾದಿ ಕಾಯೂದರಾಗ ಮಂಡಿಗೇ ಕುತ್ತ ಬರತೈತಿ ಅಂತ ಗೊತ್ತಾಗಿದ್ರ ಆವತ್ತೇ ಹೇಳ್ತಿದ್ದೆ."

ಸಿಟ್ಟು ಬಂತು. ಅತ್ತೆಯ ಮೇಲೆ ಅರೆಕ್ಷಣ, ಅಕ್ಕನ ಮೇಲೆ ಒಂದಿಡೀ ದಿನ, ಆಮೇಲೆ ಬರಬೇಕಾದ ಕಡೆಗೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀರಿಗಿಳಿಯಲು ಧೈರ್ಯವಿಲ್ಲದ ನಾನು ತೊಡೆ ಡೊಂಕು ಎನ್ನುತ್ತ ಎರಡು ತಿಂಗಳು ಕಳೆದಿದ್ದೆ.

ಮರುದಿನ ಕುಂಟುತ್ತ ಅಕ್ಕನ ಮಹಡಿ ಹತ್ತಿದೆ, ಪ್ರತಿ ಮೆಟ್ಟಿಲಿಗೂ ಒಂದು ಬೈಗುಳ ಸಿದ್ಧಮಾಡಿಕೊಂಡು. ಟೇಪನ್ನು ಅವರ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಹೊಲಿಗೆಯ ಮೇಲೆ ಬೆರಳಾಡಿಸಿದರು. ವಾದಿಸಲಿಲ್ಲ. ಅದೇ ನನ್ನ ಬೈಗುಳಗಳನ್ನೆಲ್ಲ ವ್ಯರ್ಥ ಮಾಡಿತು. ಫೋನು ತೆಗೆದು, ನನ್ನ ಎದುರಿಗೇ, ತಮ್ಮ ಹತ್ತಿರ ಬರುತ್ತಿದ್ದವರಿಗೆಲ್ಲ ಆ ಒಂದು ಇಂಚಿನ ಮಾತು ತಪ್ಪು ಅಳತೆಯಿಂದ ಬಂದದ್ದು ಎಂದು ಬರೆದು ಕಳಿಸಿದರು.

"ನಿಮ್ಮದು ಹೋಗಿದೆಯಾ ಅಕ್ಕಾ?" ಎಂದು ಕೇಳಿಯೇಬಿಟ್ಟೆ. "ತೊಡೆಯ ಗುಳಿ?"

"ಎಲ್ಲಿ ಹೋಗುತ್ತೆ? ಕುಣಿಯೋ ಕಾಲದಲ್ಲೇ ಇತ್ತು. ನಿಮ್ಮ ಅಂಗಡಿಯ ಸ್ಕಿನ್ ಎರಡೆರಡು ಪದರ ಹಾಕ್ಕೊಂಡು ಕುಣೀತಿದ್ದೆ."

"ಮತ್ತೆ ಕರಗುತ್ತೆ ಅಂತ ಯಾಕೆ ಹೇಳಿದಿರಿ?"

ಅವರು ಹಸಿರು ಪರದೆಯನ್ನು ಸರಿಸಿ ಕಿಟಕಿ ತೆರೆದರು. ಯೋಚಿಸಿ ಹೇಳಿದರು: "ಶಕ್ತಿ ಹರಿಯುತ್ತೆ ಅಂತ ನಾನು ನಂಬ್ತೀನಿ. ಇಂಚು ಕರಗುತ್ತೆ ಅಂತ ಹೇಳಬಾರದಿತ್ತು. ಆದರೆ ಇಲ್ಲಿಗೆ ಬರೋ ಹೆಂಗಸರು ಯಾರೂ 'ಸುಸ್ತಾಗಿದೆ, ಅರ್ಧ ಗಂಟೆ ಮಲಗ್ತೀನಿ' ಅಂತ ಕೇಳಲ್ಲಮ್ಮಾ. ಕೇಳೋಕೆ ನಾಚಿಕೆ. ಹೊಟ್ಟೆ ಕರಗಿಸು, ತೊಡೆ ಕರಗಿಸು ಅಂತಾನೇ ಕೇಳ್ತಾರೆ. ನೀನೂ ಹಾಗೇ ಕೇಳಿದೆ."

ಆ ಕೋಣೆಯಲ್ಲಿ ಕಳೆದ ಎಂಟು ಗುರುವಾರಗಳು ನನಗೆ ಬೇಕಾಗಿದ್ದವು, ಅದು ನಿಜ. ಮಲಗಲು ಒಂದು ನೆಪ ಬೇಕಿತ್ತು, ತೊಡೆ ಸಿಕ್ಕಿತು. ಆದರೆ ಮಂಡಿಗೆ ಬೇಕಾದದ್ದು ನೀರು, ಅದನ್ನು ಯಾರ ಅಂಗೈಯೂ ಕೊಡಲಾರದು. ಅಕ್ಕನೂ ಅದನ್ನೇ ಹೇಳಿದರು. "ಮೊದಲು ಈಜುಕೊಳಕ್ಕೆ ಹೋಗು. ಮಲಗಬೇಕು ಅನ್ನಿಸಿದಾಗ ಇಲ್ಲಿಗೆ ಬಾ, ಸುಮ್ಮನೆ ಮಲಗು. ಅಳೀಬೇಡ." ಈಗಲೂ ತಿಂಗಳಿಗೊಮ್ಮೆ ಹೋಗಿ ಮಲಗಿ ಬರುತ್ತೇನೆ.

ಡಾಕ್ಟರಿಗೆ ಫೋನ್ ಮಾಡಿದೆ. ನೀರಿಗೆ ಒಂದು ದಿನವೂ ಇಳಿದಿಲ್ಲ ಎಂದು ಒಪ್ಪಿಕೊಂಡೆ. ಕಾರಣ ಕೇಳಿದರು, ಹೇಳಿದೆ. ನಗಲಿಲ್ಲ, ಅದಕ್ಕೆ ಅವರಿಗೆ ಪುಣ್ಯ ಬರಲಿ. ಆ ಗುಳಿಗಳು ಚರ್ಮದಡಿಯ ಕೊಬ್ಬು ಎಳೆಗಳ ನಡುವೆ ಉಬ್ಬಿಕೊಂಡದ್ದು, ಕಾಯಿಲೆಯಲ್ಲ, ತೆಳ್ಳಗಿರುವವರಿಗೂ ಇರುತ್ತವೆ, ಅವುಗಳಿಂದ ಮಂಡಿಗೆ ಏನೂ ಆಗುವುದಿಲ್ಲ ಎಂದರು. ಊತ ಇಳಿದ ಮೇಲೆ ಆರು ವಾರ ನೀರಿನಲ್ಲಿ ನಡೆದು ಬಂದು ತೋರಿಸಬೇಕು, ಆಗಲೂ ಹೀಗೇ ಇದ್ದರೆ ಆಪರೇಷನ್ ತಪ್ಪದು. ಪರೀಕ್ಷೆಯ ಚೀಟಿಯನ್ನು ಎಸೆಯಬೇಡಿ ಎಂದೂ ಸೇರಿಸಿದರು.

ಊತ ಇಳಿಯಲು ಒಂದು ವಾರ ಹಿಡಿಯಿತು. ಮೊದಲ ದಿನ ಅತ್ತೆಯೂ ಜೊತೆಗೆ ಹೊರಟರು. ಬೇಡವೆಂದರೂ ಕೇಳಲಿಲ್ಲ. "ನೀ ಅರ್ಧ ಹಾದ್ಯಾಗಿಂದ ತಿರುಗಿ ಬಂದರ?" ಎಂದರು. ಅಷ್ಟು ಚೆನ್ನಾಗಿ ನನ್ನನ್ನು ಬಲ್ಲವರು. ಈಜುಕೊಳದ ಬೆಂಚಿನ ಮೇಲೆ ತಲೆತುಂಬ ಸೆರಗು ಹೊದ್ದು, ಮಡಿಲಲ್ಲಿ ನನ್ನ ಟವೆಲಿಟ್ಟುಕೊಂಡು ಕೂತರು. ನಾನು ಉಡುಗೆ ಬದಲಿಸುವ ಕೋಣೆಯಲ್ಲಿ ಹತ್ತು ನಿಮಿಷ ನಿಂತೆ. ಹೊರಗೆ ನೀರಿನ ಸದ್ದು, ಹೆಂಗಸರ ಮಾತು. ಕೊನೆಗೆ ಶಿವನೇ ಎಂದು ಬಾಗಿಲು ತೆರೆದು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿನ ಕಡೆ ನಡೆದೆ. ಆ ಇಪ್ಪತ್ತು ಹೆಜ್ಜೆಯಷ್ಟು ಉದ್ದದ ದಾರಿಯನ್ನು ನಾನು ಇನ್ನೆಲ್ಲೂ ನಡೆದಿಲ್ಲ.

ಕೊಳದ ಅಂಚಿನಲ್ಲಿ ನಿಂತಿದ್ದ ತರಬೇತಿಯ ಹುಡುಗಿ ನನ್ನ ಕಾಲುಗಳನ್ನೇ ನೋಡುತ್ತಿದ್ದಳು. ನೋಡಿಯೇ ನೋಡುತ್ತಿದ್ದಳು. ನನ್ನ ಕಿವಿ ಬಿಸಿಯಾಯಿತು. ಹತ್ತಿರ ಹೋದಾಗ ಹೇಳಿದಳು: "ಎಡಗಾಲು ಎಳೀತಿದೀರ ಆಂಟಿ. ನೋವು ಮಂಡಿಯ ಒಳಗಡೆನಾ, ಹೊರಗಡೆನಾ? ಇಷ್ಟು ನೋವಿಟ್ಟುಕೊಂಡು ಇಷ್ಟು ದಿನ ಯಾಕೆ ಬರಲಿಲ್ಲ?"

ಅವಳು ಎರಡು ಕಾಲುಗಳನ್ನೂ ಪೂರ್ತಿ ನೋಡಿ ಕಂಡದ್ದು ಕುಂಟು ಒಂದನ್ನೇ. ನನಗೆ ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿ ಒಳಗಡೆ ಎಂದೆ. ಕಬ್ಬಿಣದ ಸರಳನ್ನು ಎರಡು ಕೈಯಿಂದ ಹಿಡಿದು ಒಂದೊಂದೇ ಮೆಟ್ಟಿಲಿಳಿದೆ. ನೀರು ಎದೆಗೆ ಬಂದಾಗ ಮಂಡಿಯ ಭಾರವನ್ನು ಯಾರೋ ಕೆಳಗಿನಿಂದ ಎತ್ತಿ ಹಿಡಿದಂತಾಯಿತು. ಎರಡು ತಿಂಗಳಿನಿಂದ ನನಗಾಗಿ ಅಲ್ಲೇ ಇದ್ದ ಸುಖ ಅದು. ನನ್ನ ಮೇಲೆ ನನಗೇ ಮರುಕ ಬಂತು.

ದಿನಾ ಹೋದೆ. ಮೊದಲ ವಾರ ಕೊಳದ ಅಡ್ಡಗಲ ನಾಲ್ಕು ಸಲ, ಮೂರನೆಯ ವಾರ ಹನ್ನೆರಡು. ಅತ್ತೆ ಎರಡನೆಯ ವಾರದಿಂದ ಬರುವುದನ್ನು ಬಿಟ್ಟರು, ಇನ್ನು ನೀ ತಿರುಗಿ ಬರುವವಳಲ್ಲ ಎಂದು. ನೀರಿನಲ್ಲಿ ನನ್ನ ಜೊತೆ ನಡೆಯುವ ಹೆಂಗಸರು ಸೊಂಟ, ಸಕ್ಕರೆ, ಸೊಸೆ, ಸಾಂಬಾರಿನ ಮಾತಾಡುತ್ತಿದ್ದರು. ಅವರ ತೊಡೆಗಳಲ್ಲೂ ಗುಳಿಗಳಿದ್ದವು. ಮಗಳು ಆವತ್ತು ಹೇಳಿದ್ದು ನಿಜವೇ. ಆದರೆ ನನ್ನ ಗುಳಿ ಇವತ್ತಿಗೂ ನನಗೆ ಚಂದ ಕಾಣುವುದಿಲ್ಲ, ಅದನ್ನು ಪ್ರೀತಿಸುತ್ತೇನೆಂದು ಸುಳ್ಳು ಹೇಳಲಾರೆ. ಅದರ ಜೊತೆ ಒಂದು ರಾಜಿಯಾಗಿದೆ, ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ಆರನೆಯ ವಾರದ ಕೊನೆಯ ದಿನ. ಮರುದಿನ ಡಾಕ್ಟರಿಗೆ ಮಂಡಿ ತೋರಿಸಬೇಕಿತ್ತು, ನಡೆಯುವಾಗೆಲ್ಲ ಅದೇ ಧ್ಯಾನ. ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಒಬ್ಬ ಹೊಸಬರು ನಿಂತದ್ದು ಕಾಣಿಸಿತು. ನನ್ನದೇ ವಯಸ್ಸು. ಸೊಂಟದಿಂದ ಪಾದದವರೆಗೆ ಟವೆಲು ಸುತ್ತಿ, ಅದರ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಒಂದು ಹೆಜ್ಜೆ ಹೊರಗಿಡುವುದು, ಮತ್ತೆ ಒಳಗೆ ಸರಿಯುವುದು. ನಾನು ಎರಡು ಸುತ್ತು ನಡೆದು ಬರುವವರೆಗೂ ಅಲ್ಲೇ ಇದ್ದರು. ಮೂರನೆಯ ಸುತ್ತಿಗೆ ಅವರು ಬೆನ್ನು ತಿರುಗಿಸಿ ಒಳಗೆ ಹೊರಟರು.

"ಇರಿ ಇರಿ, ಬಂದೆ," ಎಂದು ತಮಿಳಿನಲ್ಲಿ ಕೂಗಿ ನೀರಿನಿಂದ ಮೇಲೆ ಬಂದೆ. ಒದ್ದೆ ನೆಲದ ಮೇಲೆ ಅವರ ಕಡೆ ಅರ್ಧ ದಾರಿ ನಡೆದ ಮೇಲೆ ತಿಳಿಯಿತು, ಮೆಟ್ಟಿಲು ಹತ್ತುವಾಗ ನಾನು ಸರಳನ್ನು ಹಿಡಿದಿರಲಿಲ್ಲ. ಎರಡೂ ಕಾಲು ಸರಿಸಮನಾಗಿ ನನ್ನನ್ನು ಮೇಲಕ್ಕೆ ತಂದಿದ್ದವು. ಮರುದಿನ ಡಾಕ್ಟರು ಆಪರೇಷನ್ ಬೇಡವೆಂದರು, ಆದರೆ ನನಗದು ಗೊತ್ತಾದದ್ದು ಆ ಒದ್ದೆ ನೆಲದ ಮೇಲೆ.

ಅವರ ಎದುರಿಗೆ ಹೋಗಿ ನಿಂತೆ. ಮೈಯಿಂದ ನೀರು ಇಳಿಯುತ್ತಿತ್ತು, ಟವೆಲು ದೂರದ ಬೆಂಚಿನ ಮೇಲಿತ್ತು. ಅವರು ನನ್ನ ಮುಖ ನೋಡಿದರು. ಆಮೇಲೆ ಅವರ ಕಣ್ಣು ಮೆಲ್ಲಗೆ ಕೆಳಗಿಳಿದು ನನ್ನ ತೊಡೆಗಳ ಮೇಲೆ ನಿಂತಿತು. ಚೆನ್ನಾಗಿ ನೋಡಿಕೊಳ್ಳಲಿ ಎಂದು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.